ಒಡೆಯನಿರುವ ಮನೆಯ ಧೂಳು: ‘ಯಾತ್ರಿಕನ ಸಂಚಾರ’ದ ಒಂದು ಓದು

ನಮ್ಮ ಸೀಮೆಯ ಯಾವ ಹಳ್ಳಿಯಲ್ಲಿಯೇ ಆಗಲಿ, ಬೆಳಗಿನ ಜಾವ ಮನೆಯ ಹೆಣ್ಣುಮಗಳು ಮಾಡುವ ಮೊದಲ ಕೆಲಸ ಅಂಗಳಕ್ಕೆ ನೀರು ಚಿಮುಕಿಸಿ ಗುಡಿಸುವುದು. ನೀರು ಚಿಮುಕಿಸದೆ ಕಸಬರಿಗೆ ಹಿಡಿದರೆ ಏನಾಗುತ್ತದೆಂಬುದನ್ನು ಮಳೆ ಕಡಿಮೆಯಾದ ರಾಯದುರ್ಗ, ಮಡಕಶಿರಾ ಪ್ರಾಂತದವರಿಗೆ ವಿವರಿಸಬೇಕಾಗಿಲ್ಲ. ಧೂಳು ಎದ್ದು ಕಣ್ಣಿಗೆ, ಮೂಗಿಗೆ, ಒಳಮನೆಯ ಪಾತ್ರೆಪಡಗಗಳಿಗೆ ಅಡರುತ್ತದೆ. ಹೊರಗೆ ಮಾತ್ರ ಹೋಗುವುದಿಲ್ಲ.

ಈ ನಿತ್ಯದ ದೃಶ್ಯವನ್ನು ಇಂಗ್ಲೆಂಡಿನ ಒಬ್ಬ ಬಡ ಕಸುಬುದಾರನು ಮುನ್ನೂರು ವರ್ಷಗಳಿಗೂ ಹಿಂದೆ ಒಂದು ಪುಸ್ತಕದಲ್ಲಿ ಚಿತ್ರಿಸಿದ್ದಾನೆ. ಆತನ ಹೆಸರು ಜಾನ್ ಬನ್ಯನ್ (1628–1688). ಒಡಕು ಪಾತ್ರೆಗಳನ್ನು ಬೆಸೆದುಕೊಡುವುದು ಆತನ ಕಾಯಕ. ಸರ್ಕಾರದ ಅನುಮತಿಯಿಲ್ಲದೆ ಧರ್ಮೋಪದೇಶ ಮಾಡಿದನೆಂಬ ಕಾರಣಕ್ಕೆ ಬೆಡ್‌ಫರ್ಡ್ ಸೆರೆಮನೆಯಲ್ಲಿ ಹನ್ನೆರಡು ವರ್ಷ ಕಳೆದವನು. 1678ರಲ್ಲಿ ಅಚ್ಚಾದ ಆತನ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ 19ನೆಯ ಶತಮಾನದ ನಡುಭಾಗದಲ್ಲಿ ‘ಯಾತ್ರಿಕನ ಸಂಚಾರ’ವೆಂಬ ಹೆಸರಿನಿಂದ ಕನ್ನಡಕ್ಕೆ ಬಂದಿತು. ಅದರಲ್ಲಿ ಯಾತ್ರಿಕನು ವ್ಯಾಖ್ಯಾನಕಾರನೆಂಬ ಹಿರಿಯನ ಮನೆಗೆ ಬರುತ್ತಾನೆ. ಅಲ್ಲಿ ಎಂದೂ ಗುಡಿಸದ ಒಂದು ಕೋಣೆ. ಒಬ್ಬನು ಬಂದು ಗುಡಿಸತೊಡಗಿದಾಗ ಯಾತ್ರಿಕನಿಗೆ ಉಸಿರು ಕಟ್ಟುವಷ್ಟು ಧೂಳು ಏಳುತ್ತದೆ. ಆಗ ಮನೆಯ ಒಡೆಯನು ಒಬ್ಬ ಹುಡುಗಿಯನ್ನು ಕರೆದು ನೀರು ಚಿಮುಕಿಸಲು ಹೇಳುತ್ತಾನೆ. ಆಮೇಲೆ ಕೋಣೆ ಸಲೀಸಾಗಿ ಶುಚಿಯಾಗುತ್ತದೆ. ಕೋಣೆಯೆಂದರೆ ಮನುಷ್ಯನ ಹೃದಯ, ಮೊದಲು ಗುಡಿಸಿದವನು ಧರ್ಮಶಾಸ್ತ್ರದ ವಿಧಿನಿಷೇಧ, ನೀರು ತಂದವಳು ದೇವರ ಕೃಪೆಯ ವಾರ್ತೆ ಎಂಬುದು ಬನ್ಯನ್ ಕೊಡುವ ಅರ್ಥ. ‘ಮಾಡಬೇಡ’ ಎಂಬ ಆಜ್ಞೆಯೊಂದೇ ಮನಸ್ಸಿನ ಕೊಳೆಯನ್ನು ತೆಗೆಯಲಾರದು, ಕೆದಕಿ ಎಬ್ಬಿಸುತ್ತದೆ ಎಂಬುದು ಇದರ ತಾತ್ಪರ್ಯ.

ಕ್ರೈಸ್ತ ಧರ್ಮದ ಒಂದು ಗಹನವಾದ ವಿಚಾರವನ್ನು ತಿಳಿಯಲು ಈ ಚಿತ್ರವೇ ನಮಗೆ ಹೆಬ್ಬಾಗಿಲೆಂದು ನಾನು ಭಾವಿಸಿದ್ದೇನೆ. ದೇವರಿಗೆ ಶರಣಾದ ಮೇಲೂ ಮನುಷ್ಯನಲ್ಲಿ ಪಾಪ ಏಕೆ ಉಳಿದಿರುತ್ತದೆ? ಉಳಿದ ಆ ಪಾಪದೊಡನೆ ಆತನು ದಿನದಿನವೂ ಹೇಗೆ ಹೋರಾಡಬೇಕು? ನಾನು ಕ್ರೈಸ್ತನಲ್ಲ, ವಚನಗಳನ್ನು ಕೇಳುತ್ತ ಬೆಳೆದ ಮನೆಯವನು. ಆದರೂ ಈ ಪ್ರಶ್ನೆ ನನ್ನದೂ ಹೌದೆಂಬುದು ಬಹಳ ತಡವಾಗಿ ತಿಳಿಯಿತು.

ಮೊದಲು ಒಂದೆರಡು ಚಾರಿತ್ರಿಕ ಸಂಗತಿಗಳು. ಕನ್ನಡದ ಕ್ರೈಸ್ತ ಗದ್ಯವೆಂದೊಡನೆ ನಾವು ಮಂಗಳೂರನ್ನು ನೆನೆಯುತ್ತೇವೆ. ಅದು ನ್ಯಾಯವೇ. 1834ರಲ್ಲಿ ಅಲ್ಲಿಗೆ ಬಂದ ಬಾಸೆಲ್ ಮಿಶನ್, 1843ರ ‘ಮಂಗಳೂರ ಸಮಾಚಾರ’, ಅದನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್, 1894ರ ಕಿಟ್ಟೆಲ್ ಕೋಶ ಇವುಗಳನ್ನು ಮರೆಯುವ ಕನ್ನಡಿಗನಿಲ್ಲ. ಆದರೆ ಅದಕ್ಕಿಂತ ಮೊದಲೇ, 1810ರಲ್ಲಿ, ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ನೆಲಸಿದರು. ಅವರ ಶ್ರಮದಿಂದ 1831ರ ಹೊತ್ತಿಗೆ ಬೈಬಲು ಸಂಪೂರ್ಣವಾಗಿ ಕನ್ನಡದಲ್ಲಿ ದೊರೆಯಿತು. ಆಗ ಅನಂತಪುರ ಜಿಲ್ಲೆಯೆಂಬುದೇ ಇರಲಿಲ್ಲ. 1882ರವರೆಗೆ ನಾವೆಲ್ಲರೂ ಬಳ್ಳಾರಿ ಜಿಲ್ಲೆಯವರು. ರಾಯದುರ್ಗವಂತೂ 1953ರ ವಿಂಗಡಣೆಯವರೆಗೂ ಬಳ್ಳಾರಿಯಲ್ಲಿಯೇ ಇದ್ದಿತು. ಆದುದರಿಂದ ಕನ್ನಡ ಬೈಬಲಿನ ಮೊದಲ ಮನೆ ನಮ್ಮ ನೆರೆಯೂರು ಎನ್ನುವುದಕ್ಕಿಂತ ನಮ್ಮ ಜಿಲ್ಲೆಯೇ ಎಂದರೆ ತಪ್ಪಾಗದು. ಇಷ್ಟಿದ್ದರೂ ನಮ್ಮ ಸಾಹಿತ್ಯ ಚರಿತ್ರೆಗಳು ಮಿಶನರಿಗಳ ಕೋಶ, ವ್ಯಾಕರಣ, ಮುದ್ರಣಗಳನ್ನು ಕೊಂಡಾಡಿ ಅವರು ತಂದ ಪುಸ್ತಕಗಳ ಒಳಗಿನ ಮಾತನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ. ‘ಯಾತ್ರಿಕನ ಸಂಚಾರ’ವು ಆದಿಯ ಅನುವಾದಗಳಲ್ಲಿ ಒಂದೆಂದು ಹೇಳುತ್ತೇವೆ, ಅದು ಏನನ್ನು ಹೇಳುತ್ತದೆಂದು ಕೇಳುವುದಿಲ್ಲ.

ಅದು ಹೇಳುವುದನ್ನು ಅರಿಯಬೇಕಾದರೆ ‘ಪಾಪ’ವೆಂಬ ಶಬ್ದದ ತೊಡಕನ್ನು ಮೊದಲು ಬಿಡಿಸಬೇಕು. ನಮ್ಮಲ್ಲಿ ಪಾಪವೆಂದರೆ ದೊಡ್ಡ ಮಾತು. ಗೋಹತ್ಯೆ, ಬ್ರಹ್ಮಹತ್ಯೆ, ನಂಬಿದವರ ಕತ್ತು ಕೊಯ್ಯುವುದು ಮುಂತಾದವು ನೆನಪಾಗುತ್ತವೆ. ಮತ್ತೊಂದು ಕಡೆ ಅದು ಕನಿಕರದ ಉದ್ಗಾರ. ಬಿದ್ದ ಮಗುವನ್ನು ಕಂಡು ‘ಅಯ್ಯೋ ಪಾಪ’ ಎನ್ನುತ್ತೇವೆ. ಪಕ್ಕದ ಮನೆಯ ತೆಲುಗರೂ ‘ಅಯ್ಯೋ ಪಾಪಂ’ ಎನ್ನುತ್ತಾರೆ. ಘೋರವಾದುದಕ್ಕೂ ಕರುಣೆಗೂ ಒಂದೇ ಶಬ್ದ. ಇವೆರಡರ ನಡುವೆ ಇರುವ ದಿನಬಳಕೆಯ ಕೊಳೆಗೆ, ಎಂದರೆ ಅಸೂಯೆಗೆ, ಸಿಡುಕಿಗೆ, ತಕ್ಕಡಿಯಲ್ಲಿ ಒಂದಿಷ್ಟು ಕಡಿಮೆ ತೂಗುವ ಕೈಚಳಕಕ್ಕೆ, ನೆರೆಯವನ ಬೆಳೆ ಒಣಗಿತೆಂದು ಕೇಳಿದಾಗ ಒಳಗೊಳಗೇ ಆಗುವ ಸಣ್ಣ ಸಮಾಧಾನಕ್ಕೆ ನಾವು ಪಾಪವೆನ್ನುವುದಿಲ್ಲ, ‘ಸ್ವಭಾವ’ ಎನ್ನುತ್ತೇವೆ. ಕ್ರೈಸ್ತ ಗ್ರಂಥಗಳು ಪಾಪವೆಂದಾಗ ಮುಖ್ಯವಾಗಿ ಈ ‘ಸ್ವಭಾವ’ವನ್ನೇ ಕುರಿತು ಮಾತನಾಡುತ್ತವೆ. ಆ ಧರ್ಮದ ಉಪದೇಶ ಕೇಳಿದ ಅನೇಕರು ‘ನಾನೇನು ಕೊಲೆಗಾರನೇ?’ ಎಂದು ಮುನಿಸಿಕೊಳ್ಳುವುದಕ್ಕೆ ಈ ಶಬ್ದದ ಭಾರವೂ ಒಂದು ಕಾರಣ.

ಅನುವಾದಕರು ಇನ್ನೊಂದು ಕಡೆ ಬಹು ಚೆನ್ನಾಗಿ ಗೆದ್ದಿದ್ದಾರೆ. ಸಂತ ಪೌಲನ ಪತ್ರಗಳಲ್ಲಿ ‘ಮಾಂಸ’ವೆಂಬ ಅರ್ಥದ ಗ್ರೀಕ್ ಶಬ್ದವೊಂದು ಮತ್ತೆ ಮತ್ತೆ ಬರುತ್ತದೆ. ಅದನ್ನು ಹಾಗೆಯೇ ಇಟ್ಟಿದ್ದರೆ ದೇಹವೇ ಪಾಪವೆಂಬ ಅಪಾರ್ಥವಾಗುತ್ತಿತ್ತು. ಬಹುಕಾಲದಿಂದ ಬಳಕೆಯಲ್ಲಿರುವ ಕನ್ನಡ ಬೈಬಲಿನಲ್ಲಿ ಅದಕ್ಕೆ ‘ಶರೀರಭಾವ’ ಎಂಬ ಶಬ್ದವಿದೆ. ದೋಷವಿರುವುದು ಶರೀರದಲ್ಲಲ್ಲ, ಶರೀರಕ್ಕೇ ಅಂಟಿಕೊಂಡ ಭಾವದಲ್ಲಿ ಎಂಬುದನ್ನು ಒಂದೇ ಸಮಾಸ ತಿಳಿಸುತ್ತದೆ. ಇದನ್ನು ಓದಿದೊಡನೆ ವೀರಶೈವ ಶಾಸ್ತ್ರದ ‘ಅಂಗಗುಣ’ವೆಂಬ ಮಾತು ಯಾರಿಗೆ ತಾನೆ ನೆನಪಾಗದು? ದೀಕ್ಷೆಯಾಗಿ ಇಷ್ಟಲಿಂಗ ಕೈಗೆ ಬಂದ ಮೇಲೂ ಅಂಗಗುಣ ಅಳಿದು ಲಿಂಗಗುಣ ನೆಲೆಗೊಳ್ಳಬೇಕಾದ ಕೆಲಸ ಬಾಕಿಯೇ ಇರುತ್ತದೆ. ಭಕ್ತಸ್ಥಲದಿಂದ ಐಕ್ಯಸ್ಥಲದವರೆಗೆ ಆರು ಮೆಟ್ಟಿಲುಗಳನ್ನು ಹೇಳಿರುವುದೇ ಆ ಬಾಕಿಗಾಗಿ.

ಪೌಲನು ರೋಮಾಪುರದವರಿಗೆ ಬರೆದ ಪತ್ರದ ಏಳನೆಯ ಅಧ್ಯಾಯವು ಈ ವಿಚಾರದ ಮೂಲಸ್ಥಾನ. ತಾನು ಒಳ್ಳೆಯದೆಂದು ಒಪ್ಪಿದುದನ್ನೇ ಮಾಡಲಾರದೆ, ಬೇಡವೆಂದು ಹೇಸಿದುದನ್ನೇ ಮಾಡುತ್ತಿರುವ ಮನುಷ್ಯನ ಗೋಳು ಅಲ್ಲಿದೆ. ಮಾತನಾಡುತ್ತಿರುವವನು ಯಾರು? ಇನ್ನೂ ದೇವರನ್ನು ಅರಿಯದವನೇ? ಅರಿತು ಶರಣಾದ ಪೌಲನೇ? ಸಂತ ಆಗಸ್ಟೀನನು ಮೊದಮೊದಲು ಇದನ್ನು ಕೃಪೆಗೆ ಮುಂಚಿನ ಮನುಷ್ಯನ ಮಾತೆಂದು ತಿಳಿದಿದ್ದನು. ವಯಸ್ಸಾಗುತ್ತ ತನ್ನ ಅಭಿಪ್ರಾಯವನ್ನು ಬದಲಿಸಿಕೊಂಡು, ಇದು ಕೃಪೆಗೆ ಪಾತ್ರನಾದ ಭಕ್ತನ ಮಾತೇ ಎಂದು ನಿರ್ಣಯಿಸಿದನು. ಲೂಥರನು ಇದೇ ಜಾಡಿನಲ್ಲಿ ನಡೆದು, ಭಕ್ತನು ದೇವರ ದೃಷ್ಟಿಯಲ್ಲಿ ನಿರ್ದೋಷಿಯಾಗಿದ್ದರೂ ಅದೇ ಹೊತ್ತಿನಲ್ಲಿ ತನ್ನೊಳಗೆ ಪಾಪಿಯಾಗಿಯೇ ಇರುತ್ತಾನೆಂದು ಬೋಧಿಸಿದನು. ಬನ್ಯನ್ನನ ಸಮಕಾಲೀನನಾದ ಜಾನ್ ಓವನ್ 1656ರಲ್ಲಿ ಉಳಿದ ಪಾಪವನ್ನು ಸಾಯಿಸುವ ಕ್ರಮವನ್ನು ಕುರಿತೇ ಒಂದು ಪುಸ್ತಕ ಬರೆದನು. ಇವರೆಲ್ಲರ ಅಭಿಪ್ರಾಯವನ್ನು ನಮ್ಮ ಹೊಲದ ಭಾಷೆಯಲ್ಲಿ ಹೀಗೆ ಹೇಳಬಹುದು. ಬಳ್ಳಾರಿ ಜಾಲಿಯನ್ನು ಕಡಿದವನು ಹೊಲ ತನ್ನದಾಯಿತೆಂದು ಮನೆಗೆ ಹೋಗಿ ಮಲಗುವಂತಿಲ್ಲ. ಹೊಲ ಅವನದೇ, ಪಟ್ಟಾ ಅವನ ಹೆಸರಿನಲ್ಲಿಯೇ ಇದೆ. ಆದರೂ ಮೊದಲ ಮಳೆಗೆ ಬುಡ ಚಿಗುರುತ್ತದೆ. ಚಿಗುರಿತೆಂದು ಪಟ್ಟಾ ರದ್ದಾಗುವುದಿಲ್ಲ. ಪಟ್ಟಾ ಇದೆಯೆಂದು ಚಿಗುರನ್ನು ಬಿಡುವಂತೆಯೂ ಇಲ್ಲ.

ಈಗ ‘ಯಾತ್ರಿಕನ ಸಂಚಾರ’ದ ಕಟ್ಟಡವನ್ನು ನೋಡೋಣ. ಬೆನ್ನಿನ ಮೇಲೆ ಹೊರೆ ಹೊತ್ತವನೊಬ್ಬನು ನಾಶನಪುರವನ್ನು ಬಿಟ್ಟು ಸ್ವರ್ಗಪುರಕ್ಕೆ ಹೊರಡುತ್ತಾನೆ. (ಹೆಸರುಗಳನ್ನು ನನ್ನ ಕನ್ನಡದಲ್ಲಿ ಹೇಳುತ್ತಿದ್ದೇನೆ.) ಸಾಮಾನ್ಯ ಕತೆಗಾರನಾಗಿದ್ದರೆ ಹೊರೆಯನ್ನು ಕೊನೆಯವರೆಗೆ ಹೊರಿಸಿ, ಪುರದ ಬಾಗಿಲಲ್ಲಿ ಇಳಿಸುತ್ತಿದ್ದನು. ಬನ್ಯನ್ ಹಾಗೆ ಮಾಡುವುದಿಲ್ಲ. ಕತೆಯ ಆರಂಭದಲ್ಲಿಯೇ, ಶಿಲುಬೆಯ ಎದುರಿಗೆ, ಹೊರೆ ತಾನಾಗಿ ಕಳಚಿ ಉರುಳಿಹೋಗುತ್ತದೆ. ಕತೆಯ ಬಹುಭಾಗ ನಡೆಯುವುದು ಹೊರೆ ಇಳಿದ ಮೇಲೆ. ಗ್ರಂಥದ ಮರ್ಮವಿರುವುದು ಇಲ್ಲಿಯೇ.

ಹೊರೆ ಇಳಿದವನು ಮುಂದೆ ಏನು ಮಾಡುತ್ತಾನೆ? ಕಷ್ಟಗಿರಿಯ ನಡುವಿನ ನೆರಳಿನಲ್ಲಿ ನಿದ್ದೆ ಹೋಗಿ, ತನಗೆ ಕೊಟ್ಟ ಅಭಯಪತ್ರವನ್ನು ಬೀಳಿಸಿಕೊಳ್ಳುತ್ತಾನೆ; ನೆನಪಾದಾಗ ಬಂದ ದಾರಿಯನ್ನೇ ಹಿಂದಕ್ಕೆ ನಡೆದು ಹುಡುಕಬೇಕಾಗುತ್ತದೆ. ದೀನತೆಯ ಕಣಿವೆಯಲ್ಲಿ ಅಪೊಲ್ಲಿಯೋನನೆಂಬ ದೈತ್ಯನು ಎದುರು ನಿಂತು, ಆತನು ಆವರೆಗೆ ಮಾಡಿದ ತಪ್ಪುಗಳ ಪಟ್ಟಿಯನ್ನೇ ಓದಿ ಹೇಳುತ್ತಾನೆ. ಯಾತ್ರಿಕನು ಅವನ್ನು ಅಲ್ಲಗಳೆಯುವುದಿಲ್ಲ. ಇನ್ನೂ ಹೆಚ್ಚಾಗಿಯೇ ಇವೆಯೆಂದು ಒಪ್ಪಿಕೊಂಡು, ಕ್ಷಮಿಸುವ ಅರಸನನ್ನು ಹೆಸರಿಸಿ ಯುದ್ಧಕ್ಕೆ ನಿಲ್ಲುತ್ತಾನೆ. ಇನ್ನೂ ಮುಂದೆ, ಮುಕ್ಕಾಲು ದಾರಿ ನಡೆದ ಅನುಭವಸ್ಥನು, ಕಲ್ಲುದಾರಿ ಕಾಲಿಗೆ ನೋಯುತ್ತದೆಂಬ ಸಣ್ಣ ಕಾರಣಕ್ಕಾಗಿ ಪಕ್ಕದ ಹುಲ್ಲುಗಾವಲಿಗೆ ಇಳಿಯುತ್ತಾನೆ. ಅಲ್ಲಿಂದ ನಿರಾಶೆಯೆಂಬ ರಾಕ್ಷಸನ ಕೋಟೆಗೆ ಸಿಕ್ಕಿಬಿದ್ದು, ತನ್ನ ಅಂಗಿಯೊಳಗೇ ಇದ್ದ ವಾಗ್ದಾನದ ಬೀಗದಕೈಯನ್ನು ಮರೆತು ದಿನಗಟ್ಟಲೆ ನರಳುತ್ತಾನೆ. ಈ ತಪ್ಪುಗಳಲ್ಲಿ ಒಂದಾದರೂ ಮಹಾಪಾತಕವಲ್ಲ. ಕಾಲುನೋವು, ನಿದ್ದೆ, ಮರೆವು, ನೆರಳಿನ ಆಸೆ. ಸಂಸಾರಿಯಾದ ಪ್ರತಿಯೊಬ್ಬನೂ ದಿನವೂ ಕಾಣುವಂಥವೇ.

ಎಲ್ಲಕ್ಕಿಂತ ಸೂಕ್ಷ್ಮವಾದ ಪ್ರಸಂಗ ಶೋಭಾಯಮಾನವಾದ ಅರಮನೆಯಲ್ಲಿ ಬರುತ್ತದೆ. ವಿವೇಕವೆಂಬ ಕನ್ಯೆ ಆತನನ್ನು, ಬಿಟ್ಟು ಬಂದ ಊರಿನ ಸಂಗತಿಗಳೇನಾದರೂ ಇನ್ನೂ ನಿನ್ನೊಡನೆ ಉಳಿದಿವೆಯೇ ಎಂದು ವಿಚಾರಿಸುತ್ತಾಳೆ. ಉಳಿದಿವೆ, ನನ್ನ ಮನಸ್ಸಿಗೆ ವಿರೋಧವಾಗಿ ಉಳಿದಿವೆ ಎಂದು ಆತನು ಒಪ್ಪುತ್ತಾನೆ. ಒಳ್ಳೆಯದನ್ನು ಮಾಡಹೊರಟಾಗಲೇ ಕೆಟ್ಟದ್ದು ಜೊತೆಯಲ್ಲಿ ಬರುತ್ತದೆಂದು ಹೇಳಿಕೊಳ್ಳುತ್ತಾನೆ. ಅವು ಸೋತಂತೆ ಕಾಣುವ ಹೊತ್ತೂ ಉಂಟೇ ಎಂದು ಆಕೆ ಕೇಳಿದಾಗ, ಉಂಟು, ಅಪರೂಪಕ್ಕೆ. ಶಿಲುಬೆಯ ಬಳಿ ಕಂಡುದನ್ನೂ ಹೋಗಬೇಕಾದ ಊರನ್ನೂ ನೆನೆದಾಗ ಎನ್ನುತ್ತಾನೆ. ಇಲ್ಲಿ ಗೆಲುವಿನ ಡಂಗುರವಿಲ್ಲ. ಸೋಲಿನ ರೋದನವೂ ಇಲ್ಲ. ನಿಜ ಹೇಳುವ ಮನುಷ್ಯನ ತಗ್ಗಿದ ದನಿ ಇದೆ. ಇದು ಗ್ರಂಥದ ಅತ್ಯುತ್ತಮ ಪುಟವೆಂದು ನನ್ನ ಎಣಿಕೆ.

ಬಸವಣ್ಣನವರೂ ಧೂಳು ತುಂಬಿದ ಮನೆಯನ್ನು ಕಂಡವರೇ. ಹೊಸ್ತಿಲಲ್ಲಿ ಹುಲ್ಲು ಬೆಳೆದು ಒಳಗೆಲ್ಲ ರಜ ತುಂಬಿದ ಮನೆಯನ್ನು ತೋರಿಸಿ, ಒಡೆಯನು ಒಳಗಿದ್ದಾನೋ ಇಲ್ಲವೋ ಎಂದು ಶಂಕಿಸುವ ಅವರ ವಚನವನ್ನು ಅರಿಯದ ಕನ್ನಡಿಗರು ವಿರಳ. ಮನಸ್ಸನ್ನು ಕೊಂಬೆಯಿಂದ ಕೊಂಬೆಗೆ ನೆಗೆಯುವ ಮಂಗಕ್ಕೆ ಹೋಲಿಸಿ ನೊಂದವರೂ ಅವರೇ. ಎರಡು ಧೂಳಿನ ಮನೆಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ವ್ಯತ್ಯಾಸವೊಂದು ಹೊಳೆಯುತ್ತದೆ. ಬಸವಣ್ಣನವರ ವಚನದಲ್ಲಿ ಧೂಳು ಒಡೆಯನ ಗೈರುಹಾಜರಿಯ ಗುರುತು. ಅದನ್ನು ಕಂಡೊಡನೆ ಎದೆ ಝಲ್ಲೆನ್ನಬೇಕು. ಬನ್ಯನ್ನನ ಮನೆಯಲ್ಲಿ ಒಡೆಯನು ಅಲ್ಲಿಯೇ ನಿಂತಿದ್ದಾನೆ, ನೀರು ತರಲು ಹೇಳುವವನೂ ಆತನೇ. ಬನ್ಯನ್ ಈ ಕೋಣೆಯನ್ನು ಇನ್ನೂ ಕೃಪೆ ಮುಟ್ಟದ ಹೃದಯಕ್ಕೆ ಹೋಲಿಸಿದ್ದಾನೆಂಬುದು ನಿಜ. ಆದರೆ ಮುಂದಿನ ಕತೆ ಈ ಉಪಮೆಯ ಅಂಚನ್ನು ಮೀರಿ ಹರಿಯುತ್ತದೆ. ಗುಡಿಸಿದ ಕೋಣೆಗೆ ಮತ್ತೆ ಧೂಳು ಬರುವುದನ್ನು ವಿವೇಕದ ಎದುರಿನ ಆ ಸಂಭಾಷಣೆಯೇ ಸಾಕ್ಷಿ ನುಡಿಯುತ್ತದೆ. ಒಂದು ಎಚ್ಚರಿಕೆ, ಒಂದು ಸಾಂತ್ವನ. ಒಡೆಯನಿದ್ದಾನೆಂದು ಧೂಳನ್ನು ಲಕ್ಷಿಸದವನಿಗೆ ಬಸವಣ್ಣನವರ ಮಾತು ಬೇಕು. ಧೂಳು ಕಂಡು ಒಡೆಯನೇ ಬಿಟ್ಟುಹೋದನೆಂದು ಕಂಗೆಡುವವನಿಗೆ ಬನ್ಯನ್ನನ ಕತೆ ಬೇಕು.

ಜೈನ ಶಾಸ್ತ್ರವು ಇದೇ ಸಮಸ್ಯೆಯನ್ನು ಬೇರೊಂದು ಬಗೆಯಲ್ಲಿ ಅಳೆದಿದೆ. ಉರವಕೊಂಡದ ಬಳಿಯ ಕೊನಕೊಂಡ್ಲವನ್ನು ಕುಂದಕುಂದಾಚಾರ್ಯರ ಊರೆಂದು ಪರಂಪರೆ ನಂಬಿಕೊಂಡು ಬಂದಿದೆ. ಮಡಕಶಿರಾ ಸೀಮೆಯ ಅಮರಾಪುರದಲ್ಲಿ ಜೈನ ಶಾಸನಗಳಿವೆ. ಆದುದರಿಂದ ಇದೂ ನಮ್ಮ ನೆಲದ ಮಾತೇ. ಆತ್ಮನ ಏರಿಕೆಯ ಹದಿನಾಲ್ಕು ಗುಣಸ್ಥಾನಗಳಲ್ಲಿ ಹನ್ನೊಂದನೆಯದು ‘ಉಪಶಾಂತಮೋಹ’. ಅಲ್ಲಿ ಮೋಹವು ಅಡಗಿರುತ್ತದೆ, ಅಳಿದಿರುವುದಿಲ್ಲ. ಕೆಸರು ತಳದಲ್ಲಿ ಕುಳಿತ ಕೆರೆಯ ನೀರಿನಂತೆ ಮೇಲೆ ತಿಳಿಯಾಗಿರುತ್ತದೆ, ಕದಡಿದೊಡನೆ ಬಗ್ಗಡವಾಗುತ್ತದೆ. ಅಷ್ಟೆತ್ತರಕ್ಕೆ ಏರಿದ ಮುನಿಯೂ ಅಲ್ಲಿಂದ ಕೆಳಗೆ ಜಾರಲೇಬೇಕು. ಮೋಹವನ್ನು ಪೂರ್ತಿಯಾಗಿ ಕ್ಷಯಿಸಿದವನು ಮಾತ್ರ ಹನ್ನೆರಡನೆಯ ‘ಕ್ಷೀಣಮೋಹ’ಕ್ಕೆ ಏರಿ ಮತ್ತೆ ಬೀಳದವನಾಗುತ್ತಾನೆ. ಅಡಗಿದ್ದೂ ಅಳಿದದ್ದೂ ಒಂದಲ್ಲವೆಂಬ ಈ ಸೂಕ್ಷ್ಮ ವಿವೇಚನೆ ಓವನ್ನನಿಗೂ ಬಹಳ ಮುಖ್ಯವಾದುದು. ಪಾಪವು ಸದ್ದಿಲ್ಲದೆ ಇರುವ ಹೊತ್ತೇ ಅಪಾಯದ ಹೊತ್ತು ಎಂಬುದು ಆತನ ಎಚ್ಚರಿಕೆ.

ಇಷ್ಟು ಹೋಲಿಕೆ ಹೇಳಿದ ಮೇಲೆ ‘ಎಲ್ಲ ಧರ್ಮಗಳೂ ಹೇಳುವುದು ಒಂದೇ’ ಎಂದು ಮುಗಿಸುವುದು ಸಮಾರಂಭಗಳ ವಾಡಿಕೆ. ಆದರೆ ಒಂದೇ ಅಲ್ಲ. ಜೈನನ ಪಾಲಿಗೆ ಕ್ಷಯವು ಆತ್ಮನ ಸ್ವಂತ ಪುರುಷಾರ್ಥದಿಂದ ಸಾಧ್ಯ. ಶರಣನಿಗೆ ಇದೇ ದೇಹದಲ್ಲಿ ಐಕ್ಯದ ಆಸೆಯಿದೆ. ಬನ್ಯನ್ನನ ಕ್ರೈಸ್ತನಿಗೆ ಸಾವಿನ ನದಿಯನ್ನು ದಾಟುವವರೆಗೂ ಹೋರಾಟ ತಪ್ಪದು; ಗೆದ್ದುದರಿಂದ ಆತನು ಒಪ್ಪಿತನಾಗುವುದಿಲ್ಲ, ಒಪ್ಪಿತನಾದುದರಿಂದ ಹೋರಾಡುತ್ತಾನೆ. ಈ ಭೇದಗಳನ್ನು ಅಳಿಸಿದರೆ ಮೂರೂ ದರ್ಶನಗಳಿಗೆ ಅನ್ಯಾಯ ಮಾಡಿದಂತೆ. ಸಮಾನವಾದುದು ಮೊದಲನೆಯ ಪ್ರಾಮಾಣಿಕತೆ ಮಾತ್ರ: ಶರಣಾದವನಲ್ಲೂ ಕೊಳೆ ಉಳಿದಿದೆಯೆಂದು ಶರಣಾದವನೇ ಒಪ್ಪುವುದು.

ನಮ್ಮ ವಿಮರ್ಶೆ ಈ ಒಪ್ಪಿಗೆಯನ್ನು ಸರಿಯಾಗಿ ಓದುವುದಿಲ್ಲವೆಂಬುದು ನನ್ನ ದೂರು. ಬಸವಣ್ಣನವರು ತಮ್ಮನ್ನು ಹಳಿದುಕೊಂಡರೆ ಅದನ್ನು ‘ವಿನಯೋಕ್ತಿ’ ಎನ್ನುತ್ತೇವೆ. ದಾಸರು ತಮ್ಮ ದುರ್ಗುಣಗಳನ್ನು ಹೇಳಿಕೊಂಡರೆ ‘ಲೋಕದ ಪರವಾಗಿ ಹಾಡಿದರು’ ಎನ್ನುತ್ತೇವೆ. ದೊಡ್ಡವರಲ್ಲಿ ದೋಷವಿರಲಾರದೆಂಬ ಗೌರವಭಾವ ಇದಕ್ಕೆ ಕಾರಣ. ಆದರೆ ಈ ಗೌರವದಿಂದ ನಷ್ಟವಾಗುವುದು ಓದುಗನಿಗೇ. ಅವರು ನಿಜವಾಗಿಯೂ ಹೋರಾಡಲಿಲ್ಲವೆಂದಾದರೆ ಹೋರಾಡುತ್ತಿರುವ ನನಗೆ ಅವರಿಂದ ಏನು ಪ್ರಯೋಜನ? ಆಗಸ್ಟೀನನು ಮುಪ್ಪಿನಲ್ಲಿ ಪೌಲನ ಅಧ್ಯಾಯವನ್ನು ಮತ್ತೆ ಓದಿ, ಇದು ಸಂತನ ಸ್ವಂತ ಮಾತೇ ಎಂದು ತೀರ್ಮಾನಿಸಿದಂತೆ ನಾವೂ ನಮ್ಮ ವಚನ, ಕೀರ್ತನೆಗಳನ್ನು ಮತ್ತೊಮ್ಮೆ ಓದಬೇಕಾಗಿದೆ. 1850ರಲ್ಲಿಯೇ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚಿಗೆ ತಂದ ಮೋಗ್ಲಿಂಗರು ಕ್ರೈಸ್ತ ಪಾದ್ರಿಗಳಾಗಿದ್ದರೆಂಬುದನ್ನು ಇಲ್ಲಿ ನೆನೆಯುವುದು ಉಚಿತವಾದೀತು.

ಇನ್ನು ನನ್ನ ಒಂದು ಅನುಭವವನ್ನು ಹೇಳದೆ ಹೋದರೆ ಈ ಲೇಖನ ಬರಿಯ ಪಾಂಡಿತ್ಯ ಪ್ರದರ್ಶನವಾದೀತು. ಗಡಿಯ ಒಂದು ಕನ್ನಡ ಶಾಲೆಯಲ್ಲಿ ನಾನು ಮುಖ್ಯೋಪಾಧ್ಯಾಯನಾಗಿದ್ದ ಕಾಲ. ಪ್ರತಿ ವರ್ಷ ಶಾಲೆ ತೆರೆಯುವ ದಿನ, ಈ ವರ್ಷ ಬೆತ್ತ ಮುಟ್ಟುವುದಿಲ್ಲವೆಂದು ಮನಸ್ಸಿನಲ್ಲಿ ಪ್ರತಿಜ್ಞೆ ಮಾಡುತ್ತಿದ್ದೆ. ಆಷಾಢದ ಗಾಳಿ ಬೀಸುವ ಹೊತ್ತಿಗೆ ಬೆತ್ತ ಮತ್ತೆ ಕೈಯಲ್ಲಿರುತ್ತಿತ್ತು. ಒಂದು ದಿನ ತಡವಾಗಿ ಬಂದ ಹುಡುಗನೊಬ್ಬನನ್ನು ಏನೂ ಕೇಳದೆ ಹೊಡೆದೆ. ತಾಯಿಗೆ ಮೈಯಲ್ಲಿ ಸರಿಯಿಲ್ಲದ್ದರಿಂದ ಬೆಳಗಿನಿಂದ ಶೇಂಗಾ ಹೊಲದಲ್ಲಿ ಕಳೆ ತೆಗೆದು, ಊಟವನ್ನೂ ಮಾಡದೆ ಓಡಿ ಬಂದಿದ್ದನೆಂದು ಆಮೇಲೆ ತಿಳಿಯಿತು. ಮಧ್ಯಾಹ್ನ ಕೋಣೆಯಲ್ಲಿ ಒಬ್ಬನೇ ಕುಳಿತು ನೊಂದುಕೊಂಡೆ. ದಿನವೂ ವಚನ ಪಾರಾಯಣ ಮಾಡುವ ನನಗೆ ಇದೇನು ಗತಿ ಎನಿಸಿತು. ಸಹೋದ್ಯೋಗಿಗಳಾದ ಕ್ರೈಸ್ತ ಉಪಾಧ್ಯಾಯರೊಬ್ಬರು ಒಳಗೆ ಬಂದರು. ರಟ್ಟು ಕಿತ್ತುಹೋದ ‘ಯಾತ್ರಿಕನ ಸಂಚಾರ’ವನ್ನು ನನಗೆ ಓದಲು ಕೊಟ್ಟಿದ್ದವರು ಅವರೇ. ಎಲ್ಲವನ್ನೂ ಅವರಿಗೆ ಹೇಳಿ, “ನನ್ನ ಓದೆಲ್ಲ ಸುಳ್ಳಾಯಿತು, ಮೇಷ್ಟ್ರೇ” ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸುಳ್ಳಾಗಿದ್ರೆ ಇಷ್ಟು ನೋವಾಗ್ತಿರಲಿಲ್ಲ ಸಾರ್” ಎಂದರು. ನನಗೆ ಸಮಾಧಾನವೆನಿಸಿತು. ಆದರೆ ಅವರು ಅಲ್ಲಿಗೇ ಬಿಡಲಿಲ್ಲ. “ಹುಡುಗನ ಹತ್ತಿರ ಮಾತಾಡಿದ್ರಾ?” ಎಂದು ಕೇಳಿದರು.

ನಾನು ಮಾತನಾಡಿರಲಿಲ್ಲ. ನನ್ನ ಪಶ್ಚಾತ್ತಾಪದಲ್ಲಿ ನಾನಿದ್ದೆ, ದೇವರಿದ್ದನು, ಬಸವಣ್ಣನವರಿದ್ದರು. ಪೆಟ್ಟು ತಿಂದ ಹುಡುಗನಿರಲಿಲ್ಲ. ಆ ಸಂಜೆ ಅವನ ಮನೆಗೆ ಹೋದೆ. ಹುಡುಗನು ಹೆದರಿ ಎಮ್ಮೆಯ ಹಿಂದೆ ನಿಂತನು. ತಾಯಿ ಹಾಸಿಗೆಯಿಂದ ಎದ್ದು ಕೂತು, “ಹೊಡೀರಿ ಸಾಮಿ, ಬುದ್ಧಿ ಬರ್ಲಿ” ಎಂದಳು. ಅದಕ್ಕಿಂತ ದೊಡ್ಡ ಶಿಕ್ಷೆ ನನಗೆ ಬೇಕಾಗಿರಲಿಲ್ಲ. ತಪ್ಪು ನನ್ನದೆಂದು ಆಕೆಯ ಮುಂದೆಯೇ ಅವನಿಗೆ ಹೇಳಿದೆ. ಅಂದಿನಿಂದ ಬೆತ್ತ ಹಿಡಿಯಲೇ ಇಲ್ಲವೆಂದು ಬರೆದರೆ ಕತೆ ಚೆಂದವಾಗುತ್ತದೆ, ಆದರೆ ಸುಳ್ಳಾಗುತ್ತದೆ. ಆ ಮೇಲೂ ಎರಡು ಮೂರು ಸಲ ಕೈ ಎತ್ತಿದ್ದೇನೆ. ಆದರೆ ಹಾಗೆ ಎತ್ತಿದ ದಿನ ಮನೆಗೆ ಹೋಗುವ ಮುಂಚೆ ಆ ಮಗುವಿನ ಬಳಿಗೆ ಹೋಗಿದ್ದೇನೆ.

ಉಪಾಧ್ಯಾಯರ ಆ ಪ್ರಶ್ನೆಯನ್ನೇ ಹಿಡಿದು ಮೂಲಗ್ರಂಥವನ್ನು ಪರೀಕ್ಷಿಸಿದರೆ ಅದರ ಕೊರತೆಯೂ ಕಾಣುತ್ತದೆ. ಯಾತ್ರಿಕನ ತಪ್ಪುಗಳಿಂದ ಹೆಚ್ಚಾಗಿ ಕೆಡುಕಾಗುವುದು ಅವನಿಗೇ, ಬಹಳವೆಂದರೆ ಜೊತೆಯಲ್ಲಿ ನಡೆದವನಿಗೆ. ಹೆಂಡತಿಮಕ್ಕಳು ಕೂಗಿ ಕರೆಯುತ್ತಿರುವಾಗ ಕಿವಿಗೆ ಬೆರಳಿಟ್ಟುಕೊಂಡು ಓಡುವ ಮೊದಲ ದೃಶ್ಯ ಸಂಸಾರಸ್ಥನಾದ ಯಾವ ಓದುಗನಿಗೂ ಇರಿಸುಮುರುಸನ್ನು ಉಂಟುಮಾಡುತ್ತದೆ. ಲೇಖಕನಿಗೂ ಇದರ ಅರಿವಿದ್ದಿತು. ಅರಮನೆಯಲ್ಲಿ ಪ್ರೀತಿಯೆಂಬ ಕನ್ಯೆ ಸಂಸಾರವನ್ನು ಏಕೆ ಕರೆತರಲಿಲ್ಲವೆಂದು ಯಾತ್ರಿಕನನ್ನು ಕೇಳಿಯೇ ಕೇಳುತ್ತಾಳೆ. ಆರು ವರ್ಷಗಳ ಮೇಲೆ, 1684ರಲ್ಲಿ, ಬನ್ಯನ್ ಎರಡನೆಯ ಭಾಗವನ್ನು ಬರೆದು ಆ ಹೆಂಡತಿಯನ್ನೂ ಮಕ್ಕಳನ್ನೂ ಅದೇ ದಾರಿಯಲ್ಲಿ ನಡೆಸಿದನು. ಅಲ್ಲಿ ಕುಂಟರು, ಅಂಜುಬುರುಕರು, ಮುದುಕರು ಎಲ್ಲರೂ ಕೂಡಿ, ಒಬ್ಬ ಧೀರನ ಬೆಂಗಾವಲಿನಲ್ಲಿ ನಿಧಾನವಾಗಿ ಸಾಗುತ್ತಾರೆ. ಕಲೆಯ ದೃಷ್ಟಿಯಿಂದ ಮೊದಲ ಭಾಗ ಮೇಲೆಂದು ಒಪ್ಪುತ್ತೇನೆ. ಬದುಕಿಗೆ ಹತ್ತಿರವಾದುದು ಎರಡನೆಯದು.

ಕನ್ನಡದ ಕ್ರೈಸ್ತರಲ್ಲಿ ಈ ಕೊರತೆಯನ್ನು ತುಂಬಿದವರೆಂದು ನಾನು ರೆವರೆಂಡ್ ಚನ್ನಪ್ಪ ಉತ್ತಂಗಿಯವರನ್ನು (1881–1962) ನೆನೆಯುತ್ತೇನೆ. ಬಾಸೆಲ್ ಮಿಶನ್ನಿನ ಪಾದ್ರಿಗಳಾಗಿದ್ದ ಅವರು ಊರೂರು ಅಲೆದು ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. 1949ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಮಂಜೇಶ್ವರದ ಗೋವಿಂದ ಪೈಗಳು ಕ್ರೈಸ್ತರಲ್ಲದಿದ್ದರೂ ‘ಗೊಲ್ಗೊಥಾ’ದಲ್ಲಿ ಶಿಲುಬೆಯ ಮಹಿಮೆಯನ್ನು ಹಾಡಿದರು; ಉತ್ತಂಗಿಯವರು ಕ್ರೈಸ್ತರಾಗಿದ್ದು ಸರ್ವಜ್ಞನ ಬಾಯಿಂದ ಬೀದಿಯ ನೀತಿಯನ್ನು ಕೇಳಿಸಿದರು. ಸರ್ವಜ್ಞನಿಗೆ ಹೃದಯದ ಕೋಣೆಗಿಂತ ಸಂತೆ, ಸಾಲ, ಊಟದ ಪಂಕ್ತಿ, ಗಂಡಹೆಂಡಿರ ಜಗಳಗಳು ಹೆಚ್ಚು ಪರಿಚಿತ. ಉಳಿದ ಪಾಪವು ಮನೆಮಾಡಿಕೊಂಡಿರುವುದು ಅಲ್ಲಿಯೇ ಅಲ್ಲವೇ? ಪಾದ್ರಿಯೊಬ್ಬರು ತಮ್ಮ ಆಯುಷ್ಯದ ಬಹುಭಾಗವನ್ನು ಆ ತ್ರಿಪದಿಗಳಿಗೆ ಕೊಟ್ಟುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

‘ಯಾತ್ರಿಕನ ಸಂಚಾರ’ವನ್ನು ಕ್ರೈಸ್ತರ ಪುಸ್ತಕವೆಂದು ಬದಿಗಿಡುವವರಿಗೂ, ಕನ್ನಡ ಗದ್ಯದ ಒಂದು ಮೈಲಿಗಲ್ಲೆಂದು ನಮಸ್ಕರಿಸಿ ಮುಂದೆ ಹೋಗುವವರಿಗೂ ನನ್ನ ವಿನಂತಿ ಒಂದೇ: ಅದನ್ನು ಒಮ್ಮೆ ಓದಿ. ಓದುವಾಗ ಬಸವಣ್ಣನವರ ಆ ವಚನವೂ ಪಕ್ಕದಲ್ಲಿರಲಿ. ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಈ ಎರಡೂ ಗ್ರಂಥಗಳ ಸಾರ ಮೊದಲೇ ತಿಳಿದಿದೆ. ಇಂದು ಅಂಗಳದಲ್ಲಿ ಧೂಳು ಕಂಡಿತೆಂದು ನಿನ್ನೆ ಗುಡಿಸಿದ್ದು ಸುಳ್ಳೆಂದು ಅವರು ಅಳುವುದಿಲ್ಲ. ನಾಳೆ ಮತ್ತೆ ಬರುತ್ತದೆಂದು ಇಂದು ಬಿಡುವುದೂ ಇಲ್ಲ. ಚೆಂಬಿನಲ್ಲಿ ನೀರು ತೆಗೆದುಕೊಂಡು ಹೊರಗೆ ಬರುತ್ತಾರೆ.